ಹತ್ತಿರದ ಅಳತೆ

ಮೂರು ತಿಂಗಳ ಕೆಲಸವೆಂದು ಹೇಳಿ ಅಳತೆ ಇಲಾಖೆಯವರು ನನ್ನನ್ನು ಈ ಊರಿಗೆ ಕಳಿಸಿದರು. ಹನ್ನೊಂದು ವರ್ಷವಾಯಿತು. ಊರಿನ ನಕ್ಷೆ ಬರೆಯುವುದು ನನ್ನ ಕೆಲಸ. ನಕ್ಷೆ ಇನ್ನೂ ಆಗಿಲ್ಲ. ನಾನು ಸೋಮಾರಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರದಲ್ಲಿ ಪದವಿ ಪಡೆದವನು. ಯಾವ ಅಳತೆಯನ್ನೇ ಆಗಲಿ ಮೂರು ಸಲ ತೆಗೆದು ಸರಾಸರಿ ಬರೆದುಕೊಳ್ಳದೆ ಊಟಕ್ಕೆ ಏಳುವವನಲ್ಲ. ತೊಂದರೆ ಇರುವುದು ಬೀದಿಗಳಲ್ಲಿ. ಗಾಣದ ಬೀದಿ ಒಂದು ಸೋಮವಾರ ನಾನೂರ ಹತ್ತು ಮೀಟರ್ ಇತ್ತು. ಮಂಗಳವಾರ ಸಾವಿರದ ಇನ್ನೂರ ಅರವತ್ತು. ಬುಧವಾರ ತೊಂಬತ್ತೈದು. ಮೂರರ ಸರಾಸರಿ ಐನೂರ ಎಂಬತ್ತೆಂಟು. ಅಷ್ಟು ಉದ್ದದ ಗಾಣದ ಬೀದಿಯಲ್ಲಿ ಯಾರೂ ಯಾವತ್ತೂ ನಡೆದಿಲ್ಲ.

ನನ್ನ ಬಳಿ ಇಲಾಖೆ ಕೊಟ್ಟ ಒಂದು ಅಳತೆ ಗಾಲಿ ಇದೆ. ಉದ್ದನೆಯ ಹಿಡಿಕೆ, ತುದಿಯಲ್ಲಿ ಒಂದೇ ಚಕ್ರ, ಮೀಟರಿಗೊಮ್ಮೆ ಟಕ್ ಎನ್ನುತ್ತದೆ, ಹಿಡಿಕೆಯ ಮೇಲಿನ ಡಬ್ಬಿಯಲ್ಲಿ ಅಂಕಿ ಮುಂದಕ್ಕೆ ಸರಿಯುತ್ತದೆ. ಗಾಲಿ ತಪ್ಪಿರಬಹುದೆಂದು ಎರಡು ಸಲ ಇಲಾಖೆಗೆ ಕಳಿಸಿ ಪರೀಕ್ಷೆ ಮಾಡಿಸಿದೆ. ಸರಿಯಾಗಿಯೇ ಇತ್ತು. ಬಿಸಿಲಿಗೆ ಬೀದಿ ಹಿಗ್ಗುತ್ತದೆಯೇ ಎಂದು ಒಂದು ವರ್ಷ ತಾಪಮಾನ ಬರೆದುಕೊಂಡೆ. ಆಮೇಲೆ ಗಾಳಿಯ ತೇವ. ಆಮೇಲೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಮಾವಾಸ್ಯೆ ಹುಣ್ಣಿಮೆ. ಇಪ್ಪತ್ತಾರು ನೋಟುಪುಸ್ತಕ ತುಂಬಿದವು. ಯಾವುದಕ್ಕೂ ಯಾವುದೂ ಹೊಂದಲಿಲ್ಲ.

ಊರಿನವರಿಗೆ ಇದರಿಂದ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ. ಅದೇ ನನ್ನನ್ನು ಹೆಚ್ಚು ರೇಗಿಸುತ್ತಿತ್ತು. ಅವರು ತಮ್ಮ ಪಾಡಿಗೆ 'ಹತ್ತಿರ' 'ದೂರ' ಎಂದು ಮಾತಾಡಿಕೊಂಡು ಓಡಾಡುತ್ತಿದ್ದರು. "ಸಂತೆಪೇಟೆ ಹತ್ತಿರವಾ?" ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡುತ್ತಿರಲಿಲ್ಲ. "ಯಾರ್ ಅದಾರ್ರೀ ಅಲ್ಲಿ?" ಎಂದು ತಿರುಗಿ ಕೇಳುತ್ತಿದ್ದರು. ಇಲ್ಲವೇ, "ನೀವು ಬರೋದು ಅವರಿಗೆ ಗೊತ್ತೈತಾ?" ಮೊದಮೊದಲು ನಾನು ಇದನ್ನು ಸಣ್ಣ ಊರಿನ ಜನರ ಕುತೂಹಲ ಎಂದುಕೊಂಡೆ. ಆಮೇಲೆ ಇಂಥ ಮಾತನ್ನು ನೋಟುಪುಸ್ತಕದ ಅಂಚಿನಲ್ಲಿ ಗೀಚಿ ಪಕ್ಕದಲ್ಲಿ 'ಅಪ್ರಸ್ತುತ' ಎಂದು ಬರೆಯತೊಡಗಿದೆ. ಇಪ್ಪತ್ತಾರು ಪುಸ್ತಕಗಳಲ್ಲಿ ಈ ಪದ ಎಷ್ಟು ಸಲ ಬಂದಿದೆ ಎಂದು ಈಗ ಎಣಿಸಲು ಧೈರ್ಯವಿಲ್ಲ.

ಇನ್ನೂ ಕೆಲವು ಅಭ್ಯಾಸಗಳಿದ್ದವು. ಅಂಗಡಿಯವರು ಒಳಗೆ ಕೂರುವುದು ಬಿಟ್ಟು ಹೊಸ್ತಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಮದುವೆಗೆ ಹೊರಟರೆ ಮನೆಯವರಲ್ಲಿ ಒಬ್ಬರು ಬೆಳಗಿನ ಜಾವವೇ ಒಬ್ಬಂಟಿಯಾಗಿ ಹೊರಟುಬಿಡುವರು. ಉಳಿದವರು ನಿಧಾನವಾಗಿ ತಿಂಡಿ ತಿಂದು, ಸೀರೆ ಉಟ್ಟು, ಎರಡು ತಾಸು ಬಿಟ್ಟು ಹೊರಡುವರು. ಕೆಟ್ಟ ಯೋಜನೆ ಎಂದು ಬರೆದುಕೊಂಡಿದ್ದೇನೆ. ಪೋಸ್ಟ್‌ಮ್ಯಾನ್ ದಾದಾಪೀರ್ ಸಿಕ್ಕಾಗಲೆಲ್ಲ ಒಂದೇ ದೂರು ಹೇಳುತ್ತಿದ್ದ. "ಕಾಗದ ಕೊಡಾಕ ಹೋಗೋದು ಹತ್ರ ಸಾರ್. ವಾಪಸ್ ಪೋಸ್ಟಾಫೀಸಿಗೆ ಬರೋದು ಭಾಳ ದೂರ." ಏರು ಇಳಿಜಾರಿನ ವಿಷಯವಿರಬೇಕೆಂದು ನಾನು ಮಟ್ಟಗೋಲು ಹಿಡಿದು ಆರು ದಿನ ಅವನ ಹಿಂದೆ ಅಲೆದೆ. ನೆಲ ಸಮತಟ್ಟಾಗಿತ್ತು. ಪೋಸ್ಟಾಫೀಸಿನ ಜಾಗವನ್ನು ಲೆಕ್ಕ ಹಾಕಿ ಆರಿಸಿದವನು ನಾನೇ, ಎಲ್ಲ ಮನೆಗಳಿಗೂ ಸರಿಯಾಗಿ ಮಧ್ಯದ ಬಿಂದು. ಈ ಊರಿನಲ್ಲಿ ಅಷ್ಟು ದೂರದ ಜಾಗ ಇನ್ನೊಂದಿಲ್ಲವೆಂದು ಜನ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಅಲ್ಲಿನ ಪೋಸ್ಟ್‌ಮಾಸ್ಟರ್ ಗೋಡೆಗೆ ಮುಖ ಹಾಕಿ ಕೂರುವ ಮನುಷ್ಯ.

ಹೋದ ತಿಂಗಳು ಇಲಾಖೆಯಿಂದ ಒಂದು ನಮೂನೆ ಬಂತು. ಅಪೊಲಿನ್ ಸಿಸ್ಟರ್ ನಡೆಸುವ ಆರೋಗ್ಯ ಉಪಕೇಂದ್ರ ಊರಿನ ಮನೆಗಳಲ್ಲಿ ಅರ್ಧಕ್ಕಾದರೂ ಒಂದು ಕಿಲೋಮೀಟರ್ ಒಳಗಿರಬೇಕು. ಇಲ್ಲವಾದರೆ ಮುಚ್ಚಿ, ಸಿಸ್ಟರನ್ನೂ ಸಾಮಾನುಗಳನ್ನೂ ನಲವತ್ತು ಕಿಲೋಮೀಟರ್ ಆಚೆಯ ತಾಲೂಕು ಆಸ್ಪತ್ರೆಗೆ ಸಾಗಿಸುತ್ತಾರೆ. ಪ್ರತಿ ಮನೆಯಿಂದ ಎಷ್ಟು ಮೀಟರ್ ಎಂದು ನಾನು ಅಳೆದು, ಸಹಿ ಹಾಕಿ, ಮಂಗಳವಾರದೊಳಗೆ ಮುಟ್ಟಿಸಬೇಕು. ಊರಿನಲ್ಲಿ ನಾನೂರ ಹನ್ನೆರಡು ಮನೆ. ನನ್ನ ಪುಸ್ತಕಗಳ ಪ್ರಕಾರ ಒಂದು ಕಿಲೋಮೀಟರ್ ಒಳಗಿದ್ದವು ಇಪ್ಪತ್ತಾರು.

ನಾನಿರುವುದು ಟೈಲರ್ ಗುರುಸಿದ್ದಪ್ಪನವರ ಮನೆಯ ಮಾಳಿಗೆಯ ಕೋಣೆಯಲ್ಲಿ. ಕೆಳಗೆ ಅವರ ಅಂಗಡಿ, ಹಿಂದೆ ಅವರೂ ಹೆಂಡತಿ ಈರಮ್ಮನವರೂ ಇರುವ ಮನೆ. ಗುರುಸಿದ್ದಪ್ಪನವರಿಗೆ ದಮ್ಮು. ತಿಂಗಳಿಗೆ ಒಂದೆರಡು ಸಲ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸಿಸ್ಟರ್ ಹತ್ತಿರವಿರುವ ಮಷೀನಿನ ಮುಂದೆ ಕೂತು, ಮೂಗಿಗೆ ಮುಖವಾಡ ಕಟ್ಟಿಕೊಂಡು, ಅರ್ಧ ಗಂಟೆ ಔಷಧದ ಹೊಗೆ ಎಳೆದರೆ ಮಾತ್ರ ಸರಿಹೋಗುತ್ತದೆ. ಉಪಕೇಂದ್ರ ಹೋದರೆ ಮೊದಲು ಕಷ್ಟಕ್ಕೆ ಸಿಕ್ಕುವವರು ಇವರೇ. ಹಾಗಾಗಿ ನಮೂನೆಯನ್ನು ಅವರಿಗೇ ಮೊದಲು ತೋರಿಸಿದೆ.

"ಯಾಕ್ರೀ ಮುಚ್ತಾರೆ? ಹತ್ರ ಐತಲ್ಲ," ಎಂದರು.

"ಹತ್ತಿರ ಇಲ್ಲ ಗುರುಸಿದ್ದಪ್ಪನವರೇ. ಇಲ್ಲಿಂದ ಮೂರು ಸಾವಿರದ ನೂರ ನಲವತ್ತು ಮೀಟರ್. ನಾನೇ ಅಳೆದಿದ್ದೇನೆ."

"ಅಳೆಯೋವಾಗ ಯಾರಿದ್ರು ಅಲ್ಲಿ?"

"ಯಾರಿದ್ದರೆ ಏನು? ಯಾರೂ ಇರಲಿಲ್ಲ. ಸಿಸ್ಟರ್ ಒಳಗೆ ಯಾರಿಗೋ ಇಂಜೆಕ್ಷನ್ ಕೊಡುತ್ತಿದ್ದರು."

"ಹಂಗಾದ್ರೆ ದೂರಾನೇ ಬಿಡ್ರಿ," ಎಂದು ಸೂಜಿಗೆ ದಾರ ಪೋಣಿಸಿದರು. "ಅದಿರ್ಲಿ, ನಿಮ್ಮ ಪ್ಯಾಂಟು ಆರು ತಿಂಗಳಿಂದ ಟ್ರಯಲ್‌ಗೆ ನಿಂತೈತಿ. ಬರ್ತೀನಿ ಅಂತೀರಿ, ಬರಂಗಿಲ್ಲ. ಮಾಳಿಗಿಂದ ಕೆಳಗ ಇಳಿಯಾಕ ನಿಮಗ ಎಷ್ಟು ಮೀಟರ್ರೀ?"

ಇಂಥವರ ಪ್ರಾಣ ಉಳಿಸಲು ನಾನು ಪರದಾಡುತ್ತಿದ್ದೆ. ಸುಳ್ಳು ಅಂಕಿ ಬರೆದುಬಿಡಬಹುದಿತ್ತು. ಯಾರು ಬಂದು ನೋಡುತ್ತಾರೆ? ಆದರೆ ನನ್ನ ಕೈಯಿಂದ ಅದು ಆಗುವುದಿಲ್ಲ. ಇಪ್ಪತ್ತಾರು ಎಂದೇ ತುಂಬಿ, ಸಹಿ ಹಾಕಿ, ಲಕೋಟೆಯಲ್ಲಿಟ್ಟೆ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಕೆಳಗಿನಿಂದ ಈರಮ್ಮನವರು ಕೂಗಿದರು. ಇಳಿದು ಬಂದರೆ ಗುರುಸಿದ್ದಪ್ಪನವರು ಹೊಲಿಗೆ ಮಷೀನಿನ ಮೇಲೆ ಎರಡೂ ಕೈಯೂರಿ ಬಗ್ಗಿದ್ದರು. ಎದೆಯಲ್ಲಿ ಕುಯ್ ಎಂಬ ಸದ್ದು. ತುಟಿ ನೀಲಿಯಾಗುತ್ತಿತ್ತು. ಈರಮ್ಮನವರು ಆಗಲೇ ಫೋನು ಹಿಡಿದಿದ್ದರು. "ಸಿಸ್ಟರ್, ಕರ್ಕೊಂಡ್ ಬರ್ತೀವಿ, ಬಾಗಿಲಾಗ ನಿಂತಿರ್ರಿ," ಎಂದು ಹೇಳಿ ಇಟ್ಟರು. ಪಕ್ಕದ ತರಕಾರಿಯವಳ ತಳ್ಳುಗಾಡಿಯನ್ನು ಖಾಲಿ ಮಾಡಿಸಿ ಅದರ ಮೇಲೆ ಒಂದು ಕುರ್ಚಿ ಇಟ್ಟಿದ್ದರು.

"ತಳ್ಳುಗಾಡಿಯಲ್ಲಾ?" ಎಂದೆ. "ಈರಮ್ಮನವರೇ, ಮೂರು ಕಿಲೋಮೀಟರ್ ಇದೆ. ತಳ್ಳಿಕೊಂಡು ಹೋದರೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ತಡೆಯುವುದಿಲ್ಲ. ಆಟೋ ಕರೆಯೋಣ."

"ಆಟೋ ಬರೋದ್ರಾಗ ಹೋಗಿ ಬರಬೌದು. ತಳ್ರಿ!"

"ನಾನು ಅಳೆದಿದ್ದೇನೆ..."

"ಹತ್ರ ಐತ್ರೀ!" ಎಂದು ಅವರು ಕಿರುಚಿದ ರೀತಿಗೆ ನನ್ನ ಕೈ ತಾನಾಗಿ ಗಾಡಿಯ ಹಿಡಿಗೆ ಹೋಯಿತು. "ಸಿಸ್ಟರ್ ನಿಂತಾರ ಅಂತ ಹೇಳ್ತೀನಿ, ಕಿವಿ ಕೇಳಂಗಿಲ್ಲೇನು? ತಳ್ರಿ ನೀವು!"

ತಳ್ಳಿದೆ. ಗಾಲಿ ತಂದಿರಲಿಲ್ಲ, ಅಭ್ಯಾಸಬಲದಿಂದ ಹೆಜ್ಜೆ ಎಣಿಸುತ್ತಿದ್ದೆ. ನಲವತ್ತಕ್ಕೆ ಗಾಣದ ಮನೆ ಬಂತು. ಅದು ಬರಬೇಕಾದದ್ದು ಎರಡು ಸಾವಿರದ ಮೇಲೆ. ಎಂಬತ್ತೇಳಕ್ಕೆ ಗಾಡಿಯ ಮುಂದಿನ ಚಕ್ರ ಉಪಕೇಂದ್ರದ ಮೆಟ್ಟಿಲಿಗೆ ಬಡಿಯಿತು. ಅಪೊಲಿನ್ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು, ಮುಖವಾಡ ಕೈಯಲ್ಲೇ ಇತ್ತು. ಅವರು ಕರಾವಳಿ ಕಡೆಯಿಂದ ಬಂದ ದಪ್ಪನೆಯ ಹೆಂಗಸು, ನನಗಿಂತ ಎರಡು ವರ್ಷ ಆಮೇಲೆ ಈ ಊರಿಗೆ ಬಂದವರು.

ಹತ್ತು ನಿಮಿಷದಲ್ಲಿ ಗುರುಸಿದ್ದಪ್ಪನವರ ತುಟಿಗೆ ಬಣ್ಣ ಬಂತು. ಇಪ್ಪತ್ತು ನಿಮಿಷಕ್ಕೆ ಮುಖವಾಡದೊಳಗಿನಿಂದಲೇ ನನ್ನ ಪ್ಯಾಂಟಿನ ವಿಷಯ ಎತ್ತಲು ನೋಡಿದರು. ನಾನು ವರಾಂಡದ ಬೆಂಚಿನ ಮೇಲೆ ಕುಸಿದು ಕೂತೆ.

"ಎಂಬತ್ತೇಳು ಹೆಜ್ಜೆ," ಎಂದೆ ಸಿಸ್ಟರಿಗೆ. "ಮೂರು ಸಾವಿರದ ನೂರ ನಲವತ್ತು ಮೀಟರ್ ಎಂಬತ್ತೇಳು ಹೆಜ್ಜೆ ಹೇಗಾಯಿತು?"

"ನಾನು ನಿಂತಿದ್ದೆ ಅಲ್ವಾ? ಮತ್ತೆ ದೂರ ಯಾಕೆ ಆಗ್ತದೆ?"

"ನೀವು ನಿಂತದ್ದಕ್ಕೂ ಬೀದಿಗೂ ಏನು ಸಂಬಂಧ?"

ಸಿಸ್ಟರ್ ನನ್ನನ್ನು ಒಂದು ಕ್ಷಣ ನೋಡಿದರು. ಜ್ವರ ಇದೆಯೇ ಎಂದು ನೋಡುವ ಹಾಗೆ. "ಸಾರ್, ನಿಮ್ಮ ಊರಿನಲ್ಲಿ ಹತ್ತಿರ ಅಂದ್ರೆ ಎಂತ?"

"ಹತ್ತಿರ ಅಂದರೆ ಹತ್ತಿರ. ಕಡಿಮೆ ಅಂತರ."

"ಯಾರಿಂದ?"

"ಯಾರಿಂದ ಅಲ್ಲ. ಎಲ್ಲಿಂದ!"

ಅವರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಒಳಗಿದ್ದ ಈರಮ್ಮನವರನ್ನು ಕರೆದು, ಕಣ್ಣೊರೆಸಿಕೊಂಡು, "ಎಲ್ಲಿಂದ ಅಂತೆ! ಕೇಳಿದ್ರಾ ಈರಮ್ಮ, ಎಲ್ಲಿಂದ ಅಂತೆ!" ಎಂದರು. ಗಂಡ ಸಾಯುತ್ತಿದ್ದಾನೆಂದು ಅರ್ಧ ಗಂಟೆಯ ಹಿಂದೆ ಕಿರುಚಿದ್ದ ಈರಮ್ಮನವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಹತ್ತಿರ ಅಂದ್ರೆ ಅಲ್ಲಿ ಒಬ್ಬರು ನಿಮಗಾಗಿ ಕಾಯ್ತಾ ಇದ್ದಾರೆ ಅಂತ," ಎಂದರು ಸಿಸ್ಟರ್, ಮಗುವಿಗೆ ಹೇಳುವ ಹಾಗೆ. "ಕಾಯ್ತಾ ಇದ್ರೆ ಹತ್ತಿರ. ಇಲ್ಲದಿದ್ರೆ ದೂರ. ಅದಕ್ಕೆ ಎಂತ ಗಾಲಿ ಮಾರಾಯ್ರೆ?"

"ಅಷ್ಟೂ ಗೊತ್ತಿದ್ದಿಲ್ಲೇನ್ರಿ?" ಎಂದರು ಈರಮ್ಮ. "ಓದಿದೋರು."

"ಹನ್ನೊಂದು ವರ್ಷ! ಯಾರಾದರೂ ಒಬ್ಬರು ಹೇಳಬಾರದಿತ್ತೇ?"

"ನೀವು ಕೇಳಿದ್ರಲ್ವಾ ಹೇಳೋದು? ನೀವು ಅಳೀತಿದ್ರಿ," ಎಂದರು ಸಿಸ್ಟರ್.

ಅಂಗಡಿ ಬಾಗಿಲು ತೆರೆದೇ ಇತ್ತು. ಗಂಡ ಹೆಂಡತಿ ಇಬ್ಬರೂ ಸಂಜೆಯವರೆಗೆ ಉಪಕೇಂದ್ರದಲ್ಲೇ ಇರಬೇಕಾಗಿತ್ತಾದ್ದರಿಂದ ಮುಚ್ಚಲು ನಾನೊಬ್ಬನೇ ಹೊರಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಬೀದಿ ತನ್ನ ಪೂರ್ತಿ ಉದ್ದಕ್ಕೆ ಬಿದ್ದುಕೊಂಡಿತ್ತು. ನಾಲ್ಕು ಸಾವಿರದ ನಾನೂರ ಹತ್ತೊಂಬತ್ತು ಹೆಜ್ಜೆ ಎಣಿಸಿದೆ. ಐವತ್ತು ನಿಮಿಷ ನಡೆದೆ, ನಡೆಯುವಷ್ಟೂ ಹೊತ್ತು ನನ್ನ ಮೈ ಉರಿಯುತ್ತಿತ್ತು. ಹೊಸ್ತಿಲಲ್ಲಿ ನಿಂತ ಅಂಗಡಿಯವರು ಗಿರಾಕಿಗೆ ದಾರಿ ಮೊಟಕು ಮಾಡುತ್ತಿದ್ದರು. ಮದುವೆಗೆ ಮೊದಲು ಹೊರಟವರು ದೂರವನ್ನು ತಾವೊಬ್ಬರೇ ನಡೆದು, ಅಲ್ಲಿ ನಿಂತು ಕಾದು, ಉಳಿದವರಿಗೆ ಹತ್ತಿರ ಮಾಡುತ್ತಿದ್ದರು. ದಾದಾಪೀರ್‌ಗೆ ಪ್ರತಿ ಮನೆಯಲ್ಲೂ ಕಾಗದಕ್ಕೆ ಕಾಯುವವರಿದ್ದರು. ಪೋಸ್ಟಾಫೀಸಿನಲ್ಲಿ ಗೋಡೆ ನೋಡುವ ಮನುಷ್ಯನಿದ್ದ. ನನಗೆ ಬೇಕಾದದ್ದೆಲ್ಲ ನನ್ನ ಪುಸ್ತಕದಲ್ಲೇ ಇತ್ತು. ಅಂಚಿನಲ್ಲಿ. ಒಂದು ಸಾಮಾನ್ಯ ಪದ, ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ, ನನಗೆ ಗೊತ್ತಿದೆ ಎಂಬುದರಲ್ಲಿ ನನಗೆ ಅನುಮಾನವೇ ಬಂದಿರಲಿಲ್ಲ. ತೇವಾಂಶವನ್ನು ಅನುಮಾನಿಸಿದೆ, ಚಂದ್ರನನ್ನು ಅನುಮಾನಿಸಿದೆ, ಈ ಪದವನ್ನು ಅನುಮಾನಿಸಲಿಲ್ಲ.

ಲಕೋಟೆ ಹರಿದು ನಮೂನೆಯನ್ನು ಹೊರತೆಗೆದೆ. ಇನ್ನು ಐದು ದಿನವಿತ್ತು. ಸಿಸ್ಟರ್ ಕಾಯುತ್ತಿರುವಾಗ ಅಳೆದರೆ ಅಂಕಿ ಬೇರೆ ಬರಬೇಕು, ಮತ್ತು ಅದು ಸುಳ್ಳು ಅಂಕಿಯಾಗಿರುವುದಿಲ್ಲ. ರೋಗಿಗಳು ನಡೆಯುವುದು ಆ ದಾರಿಯನ್ನೇ. ಸಿಸ್ಟರಿಗೆ ಫೋನು ಮಾಡಿದೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಊರಿನ ತೀರಾ ಆಚೆ ತುದಿಯ ಬೆಸ್ತರ ಹನುಮವ್ವನ ಮನೆಯಿಂದ ಗಾಲಿ ಉರುಳಿಸಿಕೊಂಡು ಬರುತ್ತೇನೆ ಎಂದು ಹೇಳಿದೆ. ಹತ್ತಕ್ಕೆ ಸರಿಯಾಗಿ ಸೊನ್ನೆಯಿಂದ ಶುರು ಮಾಡಿದೆ. ಐದು ಹೆಜ್ಜೆಗೇ ಏನೋ ಸರಿಯಿಲ್ಲ ಅನ್ನಿಸಿತು. ಟಕ್, ಟಕ್, ಟಕ್. ಉಪಕೇಂದ್ರದ ಮೆಟ್ಟಿಲು ಮುಟ್ಟುವ ಹೊತ್ತಿಗೆ ಡಬ್ಬಿಯಲ್ಲಿ ಎರಡು ಸಾವಿರದ ಎಂಟುನೂರ ಎಪ್ಪತ್ತು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಸಿಸ್ಟರ್ ಒಳಗೆ ಹತ್ತಿ ಉಂಡೆ ಕಟ್ಟುತ್ತಿದ್ದರು.

"ಬರುತ್ತೇನೆ ಎಂದು ಹೇಳಿದ್ದೆನಲ್ಲ!" ಎಂದೆ. ನನ್ನ ದನಿ ಏರಿತ್ತು. "ಹತ್ತು ಗಂಟೆ ಎಂದಿದ್ದೆನಲ್ಲ!"

"ಹೇಳಿದ್ರಿ."

"ಮತ್ತೆ ಕಾಯಲಿಲ್ಲವೇಕೆ?"

"ಕಾಯ್ಬೇಡಿ ಅಂತಲೂ ಹೇಳಿದ್ರಿ."

ನೆನಪು ಮಾಡಿಕೊಂಡೆ. ಹೇಳಿದ್ದೆ. 'ನಿಮ್ಮ ಕೆಲಸ ನೋಡಿಕೊಳ್ಳಿ ಸಿಸ್ಟರ್, ನನಗಾಗಿ ಕಾಯಬೇಡಿ' ಎಂದು ಹೇಳಿಯೇ ಫೋನು ಇಟ್ಟಿದ್ದೆ. ನಾನು ಯಾವ ಮಾತನ್ನೂ ಇನ್ನಾವ ರೀತಿಯಲ್ಲೂ ಮುಗಿಸಿದವನಲ್ಲ. ನಮ್ಮ ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರ್. ತನಗಾಗಿ ಯಾರನ್ನೂ ಒಂದು ನಿಮಿಷ ಕಾಯಿಸಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು. ಇನ್ನೊಬ್ಬರ ಹೊತ್ತು ತಿನ್ನಬಾರದು ಎಂದು ಕಲಿಸಿಯೇ ನನ್ನನ್ನು ಬೆಳೆಸಿದರು.

"ಅದು ಮರ್ಯಾದೆಗೆ ಹೇಳಿದ್ದು," ಎಂದೆ.

"ಮರ್ಯಾದೆಯಾ? ಈ ಊರಲ್ಲಿ ಅದು ಬೈಗುಳ ಮಾರಾಯ್ರೆ! ನಿನ್ನ ಮನೆ ನನಗೆ ದೂರವೇ ಇರ್ಲಿ ಅಂತ ಮುಖಕ್ಕೆ ಹೇಳಿದ ಹಾಗೆ. ನೀವು ಬಂದ ಮೊದಲ ದಿನ ಈರಮ್ಮ ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳಿದ್ರಂತೆ. ಕಾಯ್ಬೇಡಿ ಅಂದ್ರಂತೆ ನೀವು. ಮೂರು ದಿನ ಅವರು ನಿಮ್ಮ ಹತ್ರ ಮಾತಾಡ್ಲಿಲ್ಲಂತೆ. ನಿಮಗೆ ಅದೂ ಗೊತ್ತಾಗಿಲ್ಲ ಅಲ್ವಾ?"

ಗೊತ್ತಾಗಿರಲಿಲ್ಲ. ಮನೆಯೊಡತಿ ಮಿತಭಾಷಿ ಎಂದುಕೊಂಡಿದ್ದೆ.

"ಸರಿ," ಎಂದೆ. "ಹಾಗಾದರೆ ಈಗ ಏನು ಮಾಡಬೇಕು?"

"ಕೇಳಿ."

"ಏನನ್ನು?"

ಸಿಸ್ಟರ್ ಹತ್ತಿ ಉಂಡೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅಲ್ಲಿ ಇಬ್ಬರು ರೋಗಿಗಳೂ ಇದ್ದರು. ಅವರೂ ನೋಡಿದರು. ನಲವತ್ತು ದಾಟಿದ ಗಂಡಸು, ಕೈಯಲ್ಲಿ ಒಂದು ಗಾಲಿ ಹಿಡಿದುಕೊಂಡು, ಎಲ್ಲರೆದುರು ಅದನ್ನು ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವರಿಗೇ ಗೊತ್ತು.

"ನನಗಾಗಿ ಕಾಯಿರಿ," ಎಂದೆ.

"ಕಾಯ್ತೇನೆ. ಆದ್ರೆ ಒಂದು ಮಾತು. ಕಾಯಿಸಿದ ಮೇಲೆ ಬರ್ಲೇಬೇಕು. ಕಾಯಿಸಿ ಬಾರದವರನ್ನು ಈ ಊರಲ್ಲಿ ಯಾರೂ ಮತ್ತೆ ಮನೆಗೆ ಸೇರಿಸೋದಿಲ್ಲ."

ಹಾಗೆ ಶುರುವಾಯಿತು ನನ್ನ ಬಾಳಿನ ಅತಿ ಮುಜುಗರದ ನಾಲ್ಕು ದಿನ. ವಾಪಸ್ ಹೋಗಿ ಮತ್ತೆ ಗಾಲಿ ಉರುಳಿಸಿದಾಗ ಹನುಮವ್ವನ ಮನೆಯಿಂದ ಉಪಕೇಂದ್ರಕ್ಕೆ ನೂರ ಹನ್ನೆರಡು ಮೀಟರ್ ಬಂತು. ಸಂತೋಷಪಡುವಷ್ಟರಲ್ಲಿ ಹೊಸ ತಲೆನೋವು ಹೊಳೆಯಿತು. ಉಪಕೇಂದ್ರದಿಂದ ಮುಂದಿನ ಮನೆಗೆ ಹೋಗಬೇಕಲ್ಲ? ಅಲ್ಲಿ ಯಾರೂ ಕಾಯದಿದ್ದರೆ ಅದು ಎರಡು ಮೂರು ಕಿಲೋಮೀಟರ್. ಹಾಗೆ ನಾನೂರು ಮನೆ ಸುತ್ತಿದರೆ ಮುಂದಿನ ಯುಗಾದಿಗೂ ಮುಗಿಯುವುದಿಲ್ಲ. ಅಂದರೆ ಪ್ರತಿ ಮನೆಯವರೂ ತಮ್ಮ ಬಾಗಿಲಲ್ಲಿ ನನಗಾಗಿ ಕಾಯಬೇಕು. ಅಂದರೆ ಪ್ರತಿ ಮನೆಗೂ ನಾನು ಆ ಮಾತನ್ನು ಹೇಳಿ ಕಳಿಸಬೇಕು. ದಾದಾಪೀರ್ ಆ ಕೆಲಸ ವಹಿಸಿಕೊಂಡ. ಸುದ್ದಿಯನ್ನು ಅವನು ಹೇಗೆ ಹರಡಿದನೋ ಏನೋ, ಶುಕ್ರವಾರ ಬೆಳಿಗ್ಗೆ ಹೊರಬಂದರೆ ಇಡೀ ಊರು ಹೊಸ್ತಿಲಲ್ಲಿತ್ತು.

"ಸಾರ್ ಕಾಯಿರಿ ಅಂದ್ರಂತೆ!" ಎಂದು ಒಬ್ಬಳು ಎದುರು ಮನೆಯವಳಿಗೆ ಕೂಗಿದಳು. "ಅವರ ಬಾಯಿಂದ್ಲೇ?"

"ಅವರ ಬಾಯಿಂದ್ಲೇ. ಸಿಸ್ಟರ್ ಕೇಳಿದಾರ."

ಟಕ್, ಟಕ್. ಎಂಬತ್ತೆಂಟು. ನೂರ ಮೂರು. ಎಪ್ಪತ್ತಾರು. ಒಂದು ಮನೆಯಿಂದ ಉಪಕೇಂದ್ರಕ್ಕೆ, ಅಲ್ಲಿಂದ ಇನ್ನೊಂದು ಮನೆಗೆ, ಮತ್ತೆ ಉಪಕೇಂದ್ರಕ್ಕೆ. ದಿನಕ್ಕೆ ನೂರ ಮೂರು ಮನೆ. ಎಲ್ಲರೂ ಸಂತೋಷದಿಂದ ಕಾದರೆಂದು ತಿಳಿಯಬೇಡಿ. "ಎಷ್ಟೊತ್ರೀ, ಅನ್ನ ಸೀದುಹೋತು," ಎಂದು ಬೈದವರಿದ್ದರು. ಹಳೆಯ ಜಗಳವಿದ್ದ ಗಿರಣಿಯ ಕೆಂಚಪ್ಪ, ಅವನ ಹಿತ್ತಲನ್ನು ನಾನು ಒಮ್ಮೆ ಸರ್ಕಾರಿ ಜಾಗವೆಂದು ಬರೆದಿದ್ದೆ, ನನಗೆ ನಾಲ್ಕು ಮಾತು ಅನ್ನಬೇಕೆಂದೇ ಕಾದಿದ್ದ. ಅವನ ಮನೆ ಇಡೀ ಊರಿನಲ್ಲಿ ಅತಿ ಹತ್ತಿರ ಬಂತು, ಇಪ್ಪತ್ತೊಂದು ಮೀಟರ್. ಸಿಟ್ಟಿನಿಂದ ಕಾಯುವುದೂ ಕಾಯುವುದೇ ಎಂದು ಬರೆದುಕೊಂಡೆ. ಈ ಸಲ ಅಂಚಿನಲ್ಲಿ ಬರೆಯಲಿಲ್ಲ, ಪುಟದ ನಡುವೆ ಬರೆದೆ.

ಸಿಸ್ಟರ್ ನಾಲ್ಕೂ ದಿನ ಬಾಗಿಲಲ್ಲೇ ನಿಂತರು. ರೋಗಿಗಳ ಕೈಗೆ ಅಲ್ಲೇ ಪಟ್ಟಿ ಕಟ್ಟಿದರು, ಅಲ್ಲೇ ನಾಡಿ ನೋಡಿದರು. "ನನ್ನ ಕಾಲು ಊದಿ ಹಲಸಿನಕಾಯಿ ಆಯ್ತು. ಇನ್ನು ಎಷ್ಟುಂಟು?" ಎಂದು ಪ್ರತಿ ಸಲವೂ ಕೇಳುವರು. "ಇನ್ನು ಮುನ್ನೂರ ಆರು," ಎನ್ನುವೆ. "ದೇವರೇ!" ಎನ್ನುವರು. ಸೋಮವಾರ ಸಂಜೆ ನಾನೂರ ಹನ್ನೆರಡನೆಯ ಮನೆ ಮುಗಿಯಿತು. ಒಂದು ಕಿಲೋಮೀಟರ್ ಒಳಗಿದ್ದವು ನಾನೂರ ಹನ್ನೆರಡು. ನಮೂನೆಯಲ್ಲಿ 'ಅಳತೆಯ ವಿಧಾನ' ಎಂಬ ಕಾಲಮ್ಮಿತ್ತು. ಬಹಳ ಹೊತ್ತು ಯೋಚಿಸಿ, 'ಗಾಲಿ. ಎರಡೂ ಕಡೆ ಕಾಯಲಾಗಿತ್ತು' ಎಂದು ಬರೆದೆ. ಇದಕ್ಕಿಂತ ನಿಖರವಾಗಿ ಬರೆಯಲು ನನಗೆ ಬರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಗಾಲಿಯನ್ನೂ ಹಿಡಿದುಕೊಂಡು ತಾಲೂಕಿನ ಬಸ್ಸಿಗೆ ಹೊರಟಾಗ ಗುರುಸಿದ್ದಪ್ಪನವರು ಅಂಗಡಿ ಮುಂದೆ ನಿಂತಿದ್ದರು, ಕೊರಳಲ್ಲಿ ಟೇಪು. ದಮ್ಮು ಇಳಿದ ಮೇಲೆ ಅವರ ಬಾಯಿಗೆ ಇನ್ನೂ ಜೋರು ಬಂದಿತ್ತು.

"ಸಂಜೀಕ ಬರ್ತೀರೇನು?"

"ಬರುತ್ತೇನೆ. ಆರೂವರೆ ಬಸ್ಸಿಗೆ. ಕಾಯ..." ಎಂದು ನಾಲಿಗೆ ಹಳೆಯ ದಾರಿ ಹಿಡಿಯಿತು. ಕಚ್ಚಿಕೊಂಡೆ. ಅವರು ಹುಬ್ಬೇರಿಸಿ ನೋಡುತ್ತಿದ್ದರು. ಒಳಗೆ ಈರಮ್ಮನವರ ಕಡೆಯಿಂದ ಪಾತ್ರೆಯ ಸದ್ದು ನಿಂತುಹೋಯಿತು.

"ಕಾಯಿರಿ," ಎಂದೆ.

"ಊಟಕ್ಕೋ, ಪ್ಯಾಂಟಿಗೋ?"

"ಎರಡಕ್ಕೂ."

"ಪ್ಯಾಂಟಿಗೆ ಆರು ತಿಂಗಳಿಂದ ನಿಂತೀವಿ. ಈಗ ನಿಮ್ಮ ಹೊಟ್ಟಿ ಬ್ಯಾರೆ ಬೆಳದೈತಿ. ನಾ ಕಟ್ ಮಾಡಿದ್ದು ಸರಿ, ನೀವು ಉಂಡಿದ್ದು ತಪ್ಪು. ಸಂಜೀಕ ಬರ್ರಿ, ಲೆಕ್ಕ ತೋರಿಸ್ತೀನಿ."

ನನ್ನ ಸೊಂಟ ಹನ್ನೊಂದು ವರ್ಷದಿಂದ ಮೂವತ್ನಾಲ್ಕು ಇಂಚು. ಪ್ರತಿ ಜನವರಿಯಲ್ಲಿ ಅಳೆದು ಬರೆದಿಟ್ಟಿದ್ದೇನೆ. ಇದಕ್ಕೆ ತಕ್ಕ ಉತ್ತರ ಕೊಡಲೇಬೇಕೆಂದು ನಿಶ್ಚಯಿಸಿದೆ, ಆದರೆ ಬಸ್ಸಿಗೆ ಹೊತ್ತಾಗಿತ್ತು.

ತಾಲೂಕು ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ವೆಂಕೋಬರಾವ್ ನಮೂನೆಯನ್ನು ಒಂದು ಸಲ ಓದಿದರು, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು.

"ಏನ್ರಿ ಇದು, ನಾನೂರ ಹನ್ನೆರಡು ಮನೆನೂ ಇನ್ನೂರು ಮೀಟರ್ ಒಳಗೆ ಇವೆ. ಊರೆಲ್ಲಾ ಒಂದೇ ಕಡೆ ಗುಡ್ಡೆ ಹಾಕಿದಾರಾ?"

"ಇಲ್ಲ ಸಾರ್. ಅಳತೆ ಸರಿಯಾಗಿದೆ."

"ಹನ್ನೊಂದು ವರ್ಷದಿಂದ ಅಳತೆ ಕೂಡ್ತಿಲ್ಲ, ಕೂಡ್ತಿಲ್ಲ ಅಂತ ಕಾಗದ ಬರೀತಿದ್ರಿ. ಈಗ ಒಂದೇ ವಾರದಲ್ಲಿ ಕೂಡಿಬಿಡ್ತಾ? ಈ 'ಕಾಯಲಾಗಿತ್ತು' ಅಂದ್ರೆ ಏನು? ನೀರು ಕಾಯಿಸಿದ್ರಾ?"

"ಜನ ಕಾದಿದ್ದರು ಸಾರ್."

ಅವರು ನನ್ನ ಮುಖ ನೋಡಿದರು. ನಾನು ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆದವನಲ್ಲ ಎಂಬುದು ಅವರಿಗೆ ಗೊತ್ತು. ಅದಕ್ಕಾಗಿಯೇ ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ. ಕೊನೆಗೆ 'ಉಪಕೇಂದ್ರ ಮುಂದುವರಿಸಬಹುದು, ಸ್ಥಳ ಪರಿಶೀಲನೆಗೆ ಒಳಪಟ್ಟು' ಎಂದು ಬರೆದು ಮೊಹರು ಒತ್ತಿದರು.

"ನಾನೇ ಬಂದು ನೋಡ್ತೀನಿ. ಹೇಳ್ದೆ ಕೇಳ್ದೆ ಬರ್ತೀನಿ."

"ದಯವಿಟ್ಟು ಹೇಳಿಯೇ ಬನ್ನಿ ಸಾರ್," ಎಂದೆ. ಬೇಡಿಕೊಂಡೆ ಎಂದರೂ ಸರಿ. "ಯಾವ ದಿನ, ಎಷ್ಟು ಗಂಟೆಗೆ ಅಂತ ಒಂದು ಮಾತು ತಿಳಿಸಿ. ನಾವು ಕಾಯುತ್ತಿರುತ್ತೇವೆ."

ಬಸ್ಸು ಊರಿನ ಅಂಚಿಗೆ ಬಂದು ನಿಂತಾಗ ಆರೂ ಮೂವತ್ತೈದು, ಇನ್ನೂ ಬೆಳಕಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಗೆ ನನ್ನ ಪುಸ್ತಕದ ಪ್ರಕಾರ ಸಾವಿರದ ಒಂಬೈನೂರು ಮೀಟರ್, ಹನ್ನೊಂದು ವರ್ಷದಲ್ಲಿ ಹತ್ತಿಪ್ಪತ್ತು ಮೀಟರಿಗಿಂತ ಹೆಚ್ಚು ಬದಲಾಗದ ಒಂದೇ ದಾರಿ. ಊರಿನಲ್ಲಿ ಭರವಸೆ ಇಡಬಹುದಾದ ಅಳತೆ ಇದೊಂದೇ ಎಂದು ನಾನು ಅದನ್ನು ಮೆಚ್ಚಿಕೊಂಡಿದ್ದೆ. ಇಪ್ಪತ್ತೈದು ನಿಮಿಷದ ನಡಿಗೆ. ಸೊಂಟದ ವಿಷಯದಲ್ಲಿ ಗುರುಸಿದ್ದಪ್ಪನವರಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳಲು ಅಷ್ಟು ಸಾಕೆಂದು, ಮೊದಲು ಜನವರಿಯ ಅಂಕಿಗಳು, ಆಮೇಲೆ ಅವರ ಟೇಪಿನ ಸವೆದ ತುದಿ ಎಂದು ಕ್ರಮ ಹಾಕಿಕೊಳ್ಳುತ್ತಾ, ಗಾಲಿಯನ್ನು ಸೊನ್ನೆಗೆ ತಿರುಗಿಸಿ ನೆಲಕ್ಕಿಟ್ಟೆ.

ಟಕ್. ಟಕ್. ಜನವರಿಯ ಅಂಕಿಗಳಿಗೆ ಇನ್ನೂ ಬಂದಿರಲಿಲ್ಲ.

"ಎಷ್ಟೊತ್ರೀ ಕಾಯೋದು?" ಎಂಬ ದನಿ ಕೇಳಿಸಿತು. ತಲೆಯೆತ್ತಿದರೆ ಗುರುಸಿದ್ದಪ್ಪನವರು ಹೊಸ್ತಿಲಲ್ಲಿ ನಿಂತಿದ್ದಾರೆ, ತೋಳಿನ ಮೇಲೆ ನನ್ನ ಕಂದು ಪ್ಯಾಂಟು, ಹಿಂದೆ ಈರಮ್ಮನವರು ತಟ್ಟೆ ಹಿಡಿದುಕೊಂಡು. ಡಬ್ಬಿ ನೋಡಿದೆ. ಒಂಬತ್ತು ಮೀಟರ್. ನಾನು ಇಳಿದ ಬಸ್ಸೇ ಅದಕ್ಕಿಂತ ಉದ್ದವಿತ್ತು. ಮತ್ತೆ ಎರಡು ಸಲ ಅಳೆದು ಸರಾಸರಿ ತೆಗೆಯಬೇಕಾಗಿತ್ತು, ಆದರೆ ಈರಮ್ಮನವರು ಆಗಲೇ ಅನ್ನ ಬಡಿಸಿಬಿಟ್ಟಿದ್ದರು. ಗುರುಸಿದ್ದಪ್ಪನವರು ಟೇಪು ಬಿಚ್ಚುತ್ತಿದ್ದರು. ನನ್ನ ಉತ್ತರ ಇನ್ನೂ ಅರ್ಧವೂ ಸಿದ್ಧವಾಗಿರಲಿಲ್ಲ.